ಬಿಎ ಮಾಡಿ ಎಂಬಿಎಗೆ ಬಂದೆ, ಲೆಕ್ಕ ನೋಡಿದ್ರೆ ಜ್ವರ ಬರತ್ತೆ

ತೋಟದಾಚೆ_ಹುಡುಗ:
ನಾನು ತೀರ್ಥಹಳ್ಳಿ ಕಡೆಯವ್ನು, ಬಿಎ ತನಕ ಕನ್ನಡ ಮೀಡಿಯಂ, ಪಿಜಿಸಿಇಟಿ ಹೇಗೋ ದಾಟಿ ಶಿವಮೊಗ್ಗದಲ್ಲಿ ಎಂಬಿಎ ಸೇರ್ಕೊಂಡೆ. ಈಗ ಫಸ್ಟ್ ಸೆಮ್. ಬಿಕಾಂ ಮಾಡಿದವ್ರು ಟಕಟಕ ಅಂತ ಬ್ಯಾಲೆನ್ಸ್ ಶೀಟ್ ತಾಳೆ ಮಾಡ್ತಾರೆ, ನಂಗೆ ಡೆಬಿಟ್ ಯಾವುದು ಕ್ರೆಡಿಟ್ ಯಾವುದು ಅಂತಾನೆ ಗೊತ್ತಾಗ್ತಿಲ್ಲ, ಇನ್ನು ಸ್ಟ್ಯಾಟಿಸ್ಟಿಕ್ಸ್ ಕಥೆ ಕೇಳ್ಲೇಬೇಡಿ. ಮನೇಲಿ ಅಪ್ಪಯ್ಯ ಬೇರೆ, "ಅಡಿಕೆ ಸುಲಿಯಕ್ಕೆ ನಾಲ್ಕು ಜನ ಹೊಂದಿಸಕ್ಕಾಗಲ್ಲ, ಮ್ಯಾನೇಜ್‌ಮೆಂಟ್ ಓದ್ತಾನಂತೆ" ಅಂತಾರೆ. ಮುಂದಿನ ವರ್ಷ ಫೈನಾನ್ಸ್ ತಗೊಳ್ಳೋ ಆಸೆ, ಎಲ್ರೂ ಸುಮ್ನೆ ಎಚ್‌ಆರ್ ತಗೋ ಅಂತಿದಾರೆ. ಎಂತ ಮಾಡ್ಲಿ?

ಕೆಂಪಡಿಕೆ:
ತಮ್ಮಾ, ನಿಮ್ಮನೇಲೇ ಅರ್ಧ ಸಿಲಬಸ್ ಇದೆ ಮಾರಾಯ. ಎಪಿಎಂಸಿ ರೇಟ್ ಪಟ್ಟಿ ನೋಡು, ರಾಶಿ ಬೆಟ್ಟೆ ಸರಕು ಗೊರಬಲು ಅಂತ ಅಡಿಕೆಯ ಒಂದೊಂದು ಬಗೆಗೂ ಕನಿಷ್ಠ, ಗರಿಷ್ಠ, ಮೋಡಲ್ ಅಂತ ಬೇರೆಬೇರೆ ದರ ಇರತ್ತಲ್ಲ, ಆ ಮೋಡಲ್ಲೇ ನಿಮ್ಮ ಮೇಷ್ಟ್ರು ಹೇಳೋ ಮೋಡ್, ಅಂದ್ರೆ ಹೆಚ್ಚು ಮಾಲು ಯಾವ ದರಕ್ಕೆ ಹೋಯ್ತೋ ಅದು. ಯಾರ್ದೋ ಒಂದು ಮೂಟೆ ಭಾರಿ ರೇಟಿಗೆ ಹೋದ್ರೆ ಸರಾಸರಿ ಮೇಲೆ ಹೋಗತ್ತೆ, ಮೋಡ್ ಅಲ್ಲಾಡಲ್ಲ. ನಂಗೆ ಇದು ತಲೆಗೆ ಹೋಗಿದ್ದು ಕ್ಲಾಸಲ್ಲಲ್ಲ, ಅಡಿಕೆ ವ್ಯಾಪಾರದ ಮಂಡಿ ಕಟ್ಟೆ ಮೇಲೆ ಕೂತು.

ಮಿಡಿ_ಉಪ್ಪಿನಕಾಯಿ:
ಬ್ರೇಕ್ ಈವನ್ ಪಾಠ ಬಂದಾಗ ನಂಗೂ ಹಿಂಗೇ ಆಗಿತ್ತು, ಆಮೇಲೆ ಅಪ್ಪೆಮಿಡಿ ಉಪ್ಪಿನಕಾಯಿ ಲೆಕ್ಕ ಹಾಕ್ದೆ. ಶೆಡ್ ಬಾಡಿಗೆ, ಪಾತ್ರೆ ಎಲ್ಲ ಸೇರಿ 30,000 ಅಂತಿಟ್ಕೋ, ಬಾಟ್ಲಿ ಮಾರೋದು 150ಕ್ಕೆ, ಮಿಡಿ ಉಪ್ಪು ಖಾರ ಬಾಟ್ಲಿ ಖರ್ಚು 90. ಒಂದಕ್ಕೆ ಉಳಿಯೋದು 60, 30,000ನ 60ರಿಂದ ಭಾಗಿಸು, 500 ಬಾಟ್ಲಿ ಮಾರಿದ್ರೆ ಲಾಭನೂ ಇಲ್ಲ ನಷ್ಟನೂ ಇಲ್ಲ. ಅಷ್ಟೇ ಕಣೋ.

ಕೆಂಪಡಿಕೆ:
@ಮಿಡಿ_ಉಪ್ಪಿನಕಾಯಿ ಅಕ್ಕಾ, ಮಿಡಿ ತೊಟ್ಟು ಬಿಡ್ಸಿ ಕೂತ ಅಮ್ಮನ ಕೂಲಿ ಎಲ್ಲೋಯ್ತು?

ಮಿಡಿ_ಉಪ್ಪಿನಕಾಯಿ:
ಹೌದಲ್ಲ 😅 ಬಾಟ್ಲಿಗೆ 10 ರೂಪಾಯಿ ಹಾಕಿದ್ರೆ ಉಳಿಯೋದು 50, ಆಗ 600 ಬಾಟ್ಲಿ ಬೇಕು. ನೋಡಪ್ಪ, ಇಂಥ ಪ್ರಶ್ನೆ ಕೇಳಕ್ಕೆ ಬರೋದಾದ್ರೆ ಫೈನಾನ್ಸೇ ತಗೋ. ಎಚ್‌ಆರ್ ಸುಲಭ ಅಂತ ಹೋದವ್ರು ಕಾರ್ಮಿಕ ಕಾಯ್ದೆ ಬಾಯಿಪಾಠ ಮಾಡ್ತಾ ಅಳ್ತಿದ್ರು.

ತೋಟದಾಚೆ_ಹುಡುಗ:
ಥ್ಯಾಂಕ್ಸ್. ನಿನ್ನೆ ಅಪ್ಪಯ್ಯನ ಮಂಡಿ ಚೀಟಿ ಎಲ್ಲ ಹರಡ್ಕೊಂಡು ಕೂತಿದ್ದೆ, ಅವ್ರೇ ಬಂದು ಪಕ್ಕ ಕೂತ್ರು. ಒಂದು ಡೌಟು, ಕೊಯ್ಲಿಗೆ ಮುಂಚೆ ಮಂಡಿಯಿಂದ ತಂದ ಅಡ್ವಾನ್ಸ್ ಎಲ್ಲಿ ಬರ್ಯೋದು? ಅಪ್ಪಯ್ಯ ಅದು ಆದಾಯ ಅಂತಾರೆ.

ಕೆಂಪಡಿಕೆ:
ಆದಾಯ ಅಲ್ಲಪ್ಪ, ಸಾಲ. ಕ್ಯಾಶ್ ಡೆಬಿಟ್, ಮಂಡಿ ಕ್ರೆಡಿಟ್. ಅಡಿಕೆ ಹಾಕಿದ ದಿನ ಮುರ್ಕೊಳ್ತಾರಲ್ಲ, ಆಗ ಮಂಡಿ ಡೆಬಿಟ್. ಅಪ್ಪಯ್ಯಂಗೆ ಹೇಳ್ಬೇಕಾದ್ರೆ ಊಟ ಆದ್ಮೇಲೆ ಹೇಳು.