ಬುಪ್ರೆನಾರ್ಫಿನ್ ಗುಳಿಗೆ ಶುರುವಾದ ಮೇಲೆ ಇನ್ನೇನೇನು ನೋಡಿಕೊಳ್ಳಬೇಕು?

ಆಶಾ ಕಾರ್ಯಕರ್ತೆ, ಮಂಜೇಶ್ವರ:
ನಮಸ್ಕಾರ. ನನ್ನ ವಾರ್ಡಿನ ಹುಡುಗನೊಬ್ಬ ಬ್ರೌನ್ ಶುಗರ್ (ಹೆರಾಯಿನ್) ಬಿಟ್ಟು, ಆ ಚಟ ಬಿಡಿಸಲು ಕೊಡುವ ಬುಪ್ರೆನಾರ್ಫಿನ್-ನಾಲೊಕ್ಸೋನ್ ಗುಳಿಗೆ ತೆಗೆದುಕೊಳ್ಳಲು ಶುರು ಮಾಡಿ ಐದು ವಾರ ಆಯಿತು. ದಿನಕ್ಕೆ 8 ಮಿಲಿಗ್ರಾಂ, ಅಂದರೆ 2ರ ನಾಲ್ಕು ಗುಳಿಗೆ. ಮೊದಲು ಸೂಜಿ ಚುಚ್ಚಿಕೊಳ್ಳುತ್ತಿದ್ದ. ಈಗ ಆ ಸೆಳೆತ ಹಗಲಲ್ಲಿ ಕಡಿಮೆ, ಆದರೆ ನಡುರಾತ್ರಿ ಮೈಕೈ ನೋವು, ಬೆವರು. ನಾಲ್ಕು ದಿನಕ್ಕೊಮ್ಮೆ ಮಾತ್ರ ಮಲವಿಸರ್ಜನೆಯಾಗುತ್ತದೆ. ಹಲ್ಲು ನೋವು, ಯಾರ ಹತ್ತಿರವೂ ಮಾತಿಲ್ಲ. ಮನೆಯವರು "ಒಂದು ಚಟ ಬಿಡಿಸಿ ಇನ್ನೊಂದು ಹಿಡಿಸಿದ್ದೀರಿ, ಗುಳಿಗೆ ನಿಲ್ಲಿಸಿ" ಅನ್ನುತ್ತಿದ್ದಾರೆ. ಅವರಿಗೆ ಏನು ಹೇಳಲಿ? ಯಾವ ಪರೀಕ್ಷೆ ಮಾಡಿಸಲಿ?

ವ್ಯಸನಮುಕ್ತಿ ವಾರ್ಡಿನ ನರ್ಸ್:
ಅಕ್ಕಾ, ಡೋಸ್ ಸಾಲದು ಅಂದುಕೊಳ್ಳುವ ಮೊದಲು ಅವನು ಗುಳಿಗೆ ಹೇಗೆ ತೆಗೆದುಕೊಳ್ಳುತ್ತಾನೆ ಅಂತ ಒಮ್ಮೆ ಎದುರಿಗೇ ಕೂತು ನೋಡಿ. ರಾತ್ರಿಯ ಬೆವರು, ಮೈಕೈ ನೋವಿಗೆ ಅರ್ಧ ಕಾರಣ ಅಲ್ಲೇ ಇರುತ್ತದೆ. ಈ ಮದ್ದು ನಾಲಿಗೆಯಡಿಯ ತೆಳುಚರ್ಮದಿಂದ ನೇರ ರಕ್ತಕ್ಕೆ ಇಳಿಯಬೇಕು. ನುಂಗಿದರೆ ಬಹುಪಾಲು ಲಿವರಿನಲ್ಲೇ ಮುಗಿದುಹೋಗುತ್ತದೆ. ಮೊದಲು ಒಂದು ಗುಟುಕು ನೀರಿನಲ್ಲಿ ಬಾಯಿ ಒದ್ದೆ ಮಾಡಲಿ. ನಾಲಿಗೆಯಡಿ ಎಡಕ್ಕೊಂದು ಬಲಕ್ಕೊಂದು ಎರಡು ಗುಳಿಗೆ ಇಟ್ಟು, ಅವು ಪೂರ್ತಿ ಕರಗಿದ ಮೇಲೆ ಉಳಿದೆರಡು. ಒಂದೊಂದು ಸರ್ತಿಗೂ 5ರಿಂದ 10 ನಿಮಿಷ ಬೇಕು. ಆ ಹೊತ್ತಿನಲ್ಲಿ ಮಾತು, ಚಹಾ, ಬೀಡಿ, ಎಂಜಲು ನುಂಗುವುದು ಯಾವುದೂ ಬೇಡ. ನಾಲಿಗೆ ಎತ್ತಿಸಿ ನೋಡಿ, ಅಡಿಯಲ್ಲಿ ಹುಡಿ ಅಂಟಿಕೊಂಡಿದ್ದರೆ ಇನ್ನೂ ಕಾಯಬೇಕು. ಇಷ್ಟು ಸರಿಯಾಗಿ ಮಾಡಿಯೂ ರಾತ್ರಿ ನೋವು ಬಂದರೆ ಆಗ ಡೋಸಿನ ಮಾತು ಡಾಕ್ಟರ ಹತ್ತಿರ ಎತ್ತಿ.

ಹಲ್ಲಿಗೂ ಇದಕ್ಕೂ ಸಂಬಂಧ ಇದೆ. ಗುಳಿಗೆ ಕರಗಿದ ನಂತರ ಒಂದು ದೊಡ್ಡ ಗುಟುಕು ನೀರನ್ನು ಹಲ್ಲು, ವಸಡಿನ ಸುತ್ತ ಮೆಲ್ಲಗೆ ಆಡಿಸಿ ನುಂಗಬೇಕು. ಬ್ರಷ್ ಮಾಡುವುದು ಒಂದು ಗಂಟೆ ಬಿಟ್ಟು. ತಕ್ಷಣ ಉಜ್ಜಿದರೆ ಎನಾಮಲ್ ಸವೆಯುತ್ತದೆ. ದಂತವೈದ್ಯರಿಗೆ ಈ ಮದ್ದಿನ ಹೆಸರು ಹೇಳಲೇಬೇಕು. ಹಲ್ಲುನೋವಿಗೆ ಟ್ರಮಡಾಲ್ (ಅದೂ ಅಫೀಮಿನ ಜಾತಿಯ ನೋವುಮದ್ದೇ) ಬರೆದುಕೊಟ್ಟರೆ ಮತ್ತೆ ಮೊದಲಿನಿಂದ ಶುರು.

ಮಲಬದ್ಧತೆಯನ್ನು ಸಣ್ಣದು ಅಂತ ಬಿಡಬೇಡಿ. ಈ ಗುಳಿಗೆಯೂ ಸೇರಿ ಅಫೀಮಿನ ಜಾತಿಯ ಎಲ್ಲ ಮದ್ದೂ ಕರುಳಿನ ಚಲನೆಯನ್ನು ನಿಧಾನ ಮಾಡುತ್ತದೆ, ಬೇರೆ ತೊಂದರೆ ದಿನ ಕಳೆದಂತೆ ಕಡಿಮೆಯಾದರೂ ಇದು ಕಡಿಮೆಯಾಗುವುದಿಲ್ಲ. ಬಸಳೆ, ಬಾಳೆದಿಂಡು, ಪಪ್ಪಾಯಿ, ನೀರು ಧಾರಾಳ ಇರಲಿ. ಇಸಬ್ಗೋಲ್ ಒಂದನ್ನೇ ಕೊಟ್ಟು ನೀರು ಕಡಿಮೆಯಾದರೆ ಒಳಗೆ ಗಟ್ಟಿಯಾಗಿ ಇನ್ನಷ್ಟು ಕಷ್ಟ. ಸಾಮಾನ್ಯವಾಗಿ ಡಾಕ್ಟರು ಬರೆಯುವುದು ಲ್ಯಾಕ್ಟುಲೋಸ್ 15ರಿಂದ 30 ಮಿಲಿ, ಸಾಲದಿದ್ದರೆ ರಾತ್ರಿ ಬಿಸಾಕೊಡಿಲ್ 5 ಮಿಲಿಗ್ರಾಂ. ಹೊಟ್ಟೆ ಉಬ್ಬಿ, ವಾಂತಿಯಾಗಿ, ಗಾಳಿಯೂ ಹೋಗದಿದ್ದರೆ ಕಾಯದೆ ಆಸ್ಪತ್ರೆಗೆ ಹೋಗಿ.

ಸೂಜಿ ಚುಚ್ಚಿಕೊಂಡವರಿಗೆ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಮೂರೂ ಪರೀಕ್ಷೆ ಬೇಕು, ಜತೆಗೆ ಲಿವರ್ ಪರೀಕ್ಷೆ. ಸಿ ಪಾಸಿಟಿವ್ ಅಂತ ಬಂದರೆ ಗಾಬರಿ ಬೇಡ, ಆ ಪರೀಕ್ಷೆ ವೈರಸ್ ಹೋದ ಮೇಲೂ ಪಾಸಿಟಿವ್ ತೋರಿಸುತ್ತದೆ. ವೈರಲ್ ಲೋಡ್ (ರಕ್ತದಲ್ಲಿ ಈಗ ವೈರಸ್ ಇದೆಯೇ ಎಂಬ ಪರೀಕ್ಷೆ) ಮಾಡಿಸಿಯೇ ತೀರ್ಮಾನ. ಇದ್ದರೂ ಸಾಮಾನ್ಯವಾಗಿ 12 ವಾರದ ಗುಳಿಗೆಯಲ್ಲಿ ಗುಣವಾಗುತ್ತದೆ, 2018ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಮದ್ದು ಉಚಿತ. ಬಿ ಇಲ್ಲದಿದ್ದರೆ ಲಸಿಕೆ: ಇವತ್ತು, ಒಂದು ತಿಂಗಳಿಗೆ, ಆರು ತಿಂಗಳಿಗೆ. ಚುಚ್ಚಿದ ಜಾಗ ಕೆಂಪಾಗಿ ಬಿಸಿಯಾಗಿದೆಯೋ ನೋಡಿ. ಬಿಡದ ಜ್ವರದ ಜತೆ ಏದುಸಿರು ಬಂದರೆ ಹೃದಯದ ಕವಾಟಕ್ಕೆ ಸೋಂಕು ತಗುಲಿರಬಹುದು, ಅದು ಅದೇ ದಿನ ನೋಡಬೇಕಾದದ್ದು.

ಫಾರ್ಮಸಿಸ್ಟ್, ಕಾಸರಗೋಡು:
ಸಿಸ್ಟರ್ ಹೇಳಿದ್ದಕ್ಕೆ ಎರಡು ಸೇರಿಸುತ್ತೇನೆ. ನಿದ್ದೆಗೆಂದು ಯಾರದ್ದೋ ಆಲ್ಪ್ರಾಜೋಲಾಮ್ ಕೊಡಬೇಡಿ, ಮದ್ಯವೂ ಬೇಡ. ಬುಪ್ರೆನಾರ್ಫಿನ್ ಜತೆ ಇವು ಸೇರಿದರೆ ನಿದ್ದೆಯಲ್ಲೇ ಉಸಿರು ನಿಲ್ಲಬಹುದು. ಎರಡು ವಾರಕ್ಕೂ ಹೆಚ್ಚು ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಿ. ಕ್ಷಯ ಅಂತಾಗಿ ರಿಫಾಂಪಿಸಿನ್ ಶುರುವಾದರೆ ಅದು ಬುಪ್ರೆನಾರ್ಫಿನನ್ನು ಬೇಗ ಕರಗಿಸಿಬಿಡುತ್ತದೆ, ಚಟ ಬಿಟ್ಟಾಗಿನ ಮೈಕೈ ನೋವು, ಬೆವರು ಮರಳುತ್ತದೆ. ಎರಡೂ ಕಡೆಯ ಡಾಕ್ಟರಿಗೆ ಎರಡೂ ಚೀಟಿ ತೋರಿಸಿ.

ಮನೋಸಾಮಾಜಿಕ ಕಾರ್ಯಕರ್ತ:
ಮಾತಿಲ್ಲದಿರುವುದಕ್ಕೆ ಬರುತ್ತೇನೆ. ಶುರುವಿನ ತಿಂಗಳುಗಳಲ್ಲಿ ನಿದ್ದೆಗೇಡು, ಯಾವುದರಲ್ಲೂ ರುಚಿ ಇಲ್ಲದಿರುವುದು ಮಿದುಳು ಹದಕ್ಕೆ ಬರುತ್ತಿರುವುದರ ಭಾಗ. ಡೋಸ್ ಸರಿಹೊಂದಿದ ಮೇಲೂ ಎರಡರಿಂದ ನಾಲ್ಕು ವಾರ ಮಂಕು ಬಿಡದಿದ್ದರೆ ಅದನ್ನು ಖಿನ್ನತೆಯೆಂದೇ ಬೇರೆಯಾಗಿ ನೋಡಿ ಚಿಕಿತ್ಸೆ ಕೊಡಬೇಕು. ಆದರೆ "ಸಾಯಬೇಕು ಅನ್ನಿಸುತ್ತದಾ?" ಎಂಬ ಪ್ರಶ್ನೆಗೆ ನಾಲ್ಕು ವಾರ ಕಾಯಬೇಡಿ, ಇವತ್ತೇ, ಒಬ್ಬನೇ ಇರುವಾಗ, ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಒಂಟಿ ಬಿಡದೆ ಅದೇ ದಿನ ಡಾಕ್ಟರ ಹತ್ತಿರ ಕರೆದೊಯ್ಯಿರಿ. ಇನ್ನೊಂದು, ದೀರ್ಘಕಾಲ ಅಫೀಮು ಜಾತಿಯದ್ದು ತೆಗೆದುಕೊಂಡ ಗಂಡಸರಲ್ಲಿ ಟೆಸ್ಟೋಸ್ಟಿರೋನ್ ಇಳಿದು ಲೈಂಗಿಕ ಆಸಕ್ತಿ ಕುಗ್ಗುತ್ತದೆ. ನಾಚಿಕೆಯಿಂದ ಹೇಳುವುದಿಲ್ಲ, ಒಳಗೇ ಕೊರಗುತ್ತಾರೆ. ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಹೆಂಗಸರಲ್ಲಿ ಮುಟ್ಟು ತಪ್ಪುತ್ತದೆ, ಆದರೂ ಬಸಿರು ನಿಲ್ಲಬಹುದು.

ಮನೆಯವರಿಗೆ ಅವರ ತೋಟವನ್ನೇ ತೋರಿಸಿ. ಕಾಳುಮೆಣಸಿನ ಬಳ್ಳಿ ಅಡಕೆ ಮರಕ್ಕೆ ತಾನೇ ಬೇರು ಕಚ್ಚುವವರೆಗೆ ಕಟ್ಟು ಬಿಚ್ಚುತ್ತಾರೆಯೇ? ಹೆಚ್ಚಿನವರಿಗೆ ಈ ಗುಳಿಗೆ ತಿಂಗಳುಗಳ ಮಾತಲ್ಲ, ವರ್ಷಗಳದ್ದು. ಅವಸರದಲ್ಲಿ ನಿಲ್ಲಿಸಿದರೆ ದೇಹದ ತಡೆದುಕೊಳ್ಳುವ ಶಕ್ತಿ ಇಳಿದಿರುತ್ತದೆ. ಮತ್ತೆ ಬ್ರೌನ್ ಶುಗರಿಗೆ ಮರಳಿದರೆ, ಮೊದಲು ಏನೂ ಆಗದಿದ್ದ ಅಳತೆಯೇ ಆಗ ಜೀವ ತೆಗೆಯುತ್ತದೆ. ಸೂಜಿಮೊನೆಯಷ್ಟು ಕಿರಿದಾದ ಕಣ್ಣಪಾಪೆ, ನೀಲಿ ತುಟಿ, ಗೊರಕೆಯಂಥ ನಿಧಾನ ಉಸಿರು ಕಂಡರೆ 108ಕ್ಕೆ ಕರೆ ಮಾಡಿ. ಉಸಿರಿದ್ದರೆ ಮಗ್ಗುಲಾಗಿ ಮಲಗಿಸಿ, ನಿಂತಿದ್ದರೆ ಬಾಯಿಂದ ಉಸಿರು ಕೊಡಿ. ಬಂದವರಿಗೆ ಏನು ತೆಗೆದುಕೊಂಡಿದ್ದಾನೆ ಅಂತ ಮುಚ್ಚಿಡದೆ ಹೇಳಿದರೆ ಅಫೀಮಿನ ಪರಿಣಾಮ ಇಳಿಸುವ ನಾಲೊಕ್ಸೋನ್ ಬೇಗ ಸಿಗುತ್ತದೆ.

ಆಶಾ ಕಾರ್ಯಕರ್ತೆ, ಮಂಜೇಶ್ವರ:
ತುಂಬ ಉಪಕಾರ ಆಯಿತು. ಕೌನ್ಸೆಲಿಂಗ್ ಮಲಯಾಳದಲ್ಲೇ ನಡೆಯುವುದರಿಂದ ಅವನು ಅರ್ಥವಾಗದೆ ಸುಮ್ಮನೆ ತಲೆಯಾಡಿಸಿ ಬರುತ್ತಾನೆ. ರಂಜಾನ್ ಉಪವಾಸಕ್ಕೂ ಕೇಳಿದ್ದಾನೆ. ಮುಂದೆ ಗಲ್ಫಿಗೆ ಹೋಗುವ ಯೋಚನೆಯೂ ಇದೆ.

ವ್ಯಸನಮುಕ್ತಿ ವಾರ್ಡಿನ ನರ್ಸ್:
ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ರಲ್ಲಿ ಕನ್ನಡ ಆರಿಸಿ ಮಾತಾಡಬಹುದು. ಕೇರಳ ಅಬಕಾರಿ ಇಲಾಖೆಯ ವ್ಯಸನಮುಕ್ತಿ ಕಾರ್ಯಕ್ರಮ ವಿಮುಕ್ತಿಗೆ 14405. ಆಸ್ಪತ್ರೆಯಲ್ಲಿ ಕನ್ನಡವೋ ತುಳುವೋ ಬ್ಯಾರಿಯೋ ಬಲ್ಲವರು ಬೇಕು ಅಂತ ಮೊದಲೇ ಕೇಳಿ, ಮನೆಯವರನ್ನು ದುಭಾಷಿ ಮಾಡಬೇಡಿ, ಅವರೆದುರು ಅವನು ಬಾಯಿ ಬಿಡುವುದಿಲ್ಲ.

ಉಪವಾಸಕ್ಕೆ ಈ ಮದ್ದು ಹೊಂದುತ್ತದೆ, ಪರಿಣಾಮ ಒಂದು ದಿನಕ್ಕೂ ಮೀರಿ ಇರುತ್ತದೆ. ಬೆಳಗ್ಗಿನ ಡೋಸನ್ನು ಇಫ್ತಾರಿನ ನಂತರಕ್ಕೆ ಸರಿಸಲು ಡಾಕ್ಟರನ್ನು ಕೇಳಿ, ತಿಂಗಳು ಶುರುವಾಗುವ ಮೊದಲೇ. ಇಫ್ತಾರಿನಿಂದ ಸಹರಿವರೆಗೆ ನೀರು ಹೆಚ್ಚು ಕುಡಿಯಲಿ, ನೀರು ಕಡಿಮೆಯಾದರೆ ಮಲಬದ್ಧತೆ ಬಿಗಡಾಯಿಸುತ್ತದೆ.

ಫಾರ್ಮಸಿಸ್ಟ್, ಕಾಸರಗೋಡು:
ಗಲ್ಫ್ ದೇಶಗಳಲ್ಲಿ ಇದು ನಿಯಂತ್ರಿತ ಮದ್ದು. ಚೀಟಿ ಇದ್ದರೂ ಮುಂಗಡ ಅನುಮತಿ ಇಲ್ಲದೆ ಬ್ಯಾಗಿನಲ್ಲಿ ಒಂದು ಗುಳಿಗೆಯೂ ಇರಕೂಡದು. ಹಾಗೆಂದು ವೀಸಾ ಬಂದ ವಾರದಲ್ಲಿ ಗುಳಿಗೆ ನಿಲ್ಲಿಸಿ ವಿಮಾನ ಹತ್ತುವುದು ಇನ್ನೂ ಅಪಾಯ. ಪಾಸ್‌ಪೋರ್ಟಿಗೆ ಓಡಾಡುವ ಮೊದಲೇ ಡಾಕ್ಟರಿಗೆ ತಿಳಿಸಲಿ.