ಮೆಡಿಕಲ್ ಬೋರ್ಡ್ ಶೇ. 40 ಎಂದು ಬರೆದಿದ್ದರೂ ಅಪ್ಪನಿಗೆ ಅಂಗವೈಕಲ್ಯ ಪಿಂಚಣಿ ಬಂದಿಲ್ಲ: ಈಗ ಏನು ಮಾಡಬಹುದು?

ಮದ್ದೂರಿನ ಮಗಳು:

ಹಿರಿಯರಿಗೆಲ್ಲ ನಮಸ್ಕಾರ. ನಮ್ಮ ತಂದೆಯವರು 1981ರಲ್ಲಿ ಸೇನೆಯ ಆರ್ಟಿಲರಿಗೆ ಸೇರಿ, 24 ವರ್ಷ ಸೇವೆ ಸಲ್ಲಿಸಿ, 2005ರಲ್ಲಿ ಹವಾಲ್ದಾರರಾಗಿ ನಿವೃತ್ತರಾದರು. 1999ರ ಕಾರ್ಗಿಲ್ ಯುದ್ಧದ ಸಮಯದಲ್ಲಿ ಅವರು ದ್ರಾಸ್ ಭಾಗದಲ್ಲಿ ಫಿರಂಗಿಗಳ ಜೊತೆಯಲ್ಲಿದ್ದರು. ಅಲ್ಲಿಂದ ಮುಂದೆ ಅವರ ಕಿವಿ ಮಂದವಾಗುತ್ತಲೇ ಬಂದಿತು. 2001ರಲ್ಲಿ, ಆಗ ಅವರು ಪೀಸ್ ಸ್ಟೇಷನ್ನಿನಲ್ಲಿ, ಅಂದರೆ ಗಡಿ, ಕದನಗಳಿಂದ ದೂರದ ಶಾಂತ ಊರಿನಲ್ಲಿದ್ದರು, ರಕ್ತದೊತ್ತಡ ಇದೆಯೆಂದು ಗೊತ್ತಾಗಿ ಪೂರ್ಣ ಆರೋಗ್ಯವಿಲ್ಲದವರ ಲೋ ಮೆಡಿಕಲ್ ಕೆಟಗರಿಗೆ ಹಾಕಿದರು. ಈಗ ಅವರಿಗೆ 63 ವರ್ಷ. ವಿ.ಸಿ. ನಾಲೆಯ ಬದಿಯ ಗದ್ದೆಯಲ್ಲಿ ಕಬ್ಬು ನೋಡಿಕೊಳ್ಳುತ್ತಾರೆ. ಹಿಂದಿನಿಂದ ಟ್ರ್ಯಾಕ್ಟರ್ ಬಂದರೂ ಅವರಿಗೆ ಕೇಳಿಸುವುದಿಲ್ಲವಾದ್ದರಿಂದ ಅಮ್ಮ ಅವರನ್ನು ಒಬ್ಬರನ್ನೇ ರಸ್ತೆಗೆ ಬಿಡುವುದಿಲ್ಲ.

ಕಳೆದ ತಿಂಗಳು ಅಟ್ಟದ ಮೇಲಿದ್ದ ಅವರ ಕಬ್ಬಿಣದ ಟ್ರಂಕ್ ತೆಗೆದಾಗ 2005ರ ಒಂದು ಪತ್ರ ಸಿಕ್ಕಿತು. ಸೇನೆಯ ವೈದ್ಯರ ಸಮಿತಿಯಾದ ಮೆಡಿಕಲ್ ಬೋರ್ಡ್ ಅವರಿಗೆ ರಕ್ತದೊತ್ತಡಕ್ಕೆ ಶೇ. 30, ಕಿವುಡಿಗೆ ಶೇ. 15, ಎರಡೂ ಸೇರಿ ಶೇ. 40 ಎಂದು ಆಜೀವ ಅಂಗವೈಕಲ್ಯ ಬರೆದಿದೆಯೆಂದೂ, ಆದರೂ ಅಂಗವೈಕಲ್ಯ ಪಿಂಚಣಿ ಮಂಜೂರು ಮಾಡಲಾಗದೆಂದೂ, ಆರು ತಿಂಗಳೊಳಗೆ ಮೇಲ್ಮನವಿ ಸಲ್ಲಿಸಬಹುದೆಂದೂ ಅದರಲ್ಲಿತ್ತು. ಅಪ್ಪ ಮೇಲ್ಮನವಿ ಹಾಕಿಲ್ಲ. ಕೇಳಿದರೆ, ಕೈಕಾಲು ನೆಟ್ಟಗಿರುವವನು ಅಂಗವಿಕಲನೆಂದು ಅರ್ಜಿ ಹಾಕುವುದು ಹೇಗೆ, ಕಾಲು ಕಳೆದುಕೊಂಡವರನ್ನು ನಾನು ಕಣ್ಣಾರೆ ಕಂಡಿದ್ದೇನೆ, ಎನ್ನುತ್ತಾರೆ. ಶೇ. 40 ಎಂದು ಬರೆದ ಮೇಲೂ ಏಕೆ ಕೊಡಲಿಲ್ಲ? ಇಪ್ಪತ್ತು ವರ್ಷಗಳ ನಂತರ ಇದನ್ನು ಮತ್ತೆ ಕೇಳಲು ಸಾಧ್ಯವೇ? ದಯವಿಟ್ಟು ತಿಳಿಸಿ.

ನಿವೃತ್ತ ಸುಬೇದಾರ್, ಹೂಟಗಳ್ಳಿ:

ತಂಗಿ, ಮೊದಲು ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ. ನಾನು ಸೇವೆಯಲ್ಲಿದ್ದಾಗ ಹಲವು ವರ್ಷ ದಾಖಲೆಗಳ ಕೆಲಸವನ್ನೇ ಮಾಡಿದವನು. ಈ ಬಗೆಯ ಪತ್ರಗಳನ್ನು ಓದಿ ಅಭ್ಯಾಸವಿರುವುದರಿಂದ ಬರೆಯುತ್ತಿದ್ದೇನೆ.

ಎಲ್ಲರೂ ಶೇಕಡಾವಾರು ಅಂಕಿಯನ್ನೇ ನೋಡುತ್ತಾರೆ. ಆದರೆ ಪಿಂಚಣಿಯನ್ನು ನಿರ್ಧರಿಸುವುದು ಮೆಡಿಕಲ್ ಬೋರ್ಡಿನ ನಡಾವಳಿಯಲ್ಲಿರುವ ಮತ್ತೊಂದು ಅಂಕಣ. ಆ ಕಾಯಿಲೆ ಸೇನಾ ಸೇವೆಯ ಕಾರಣದಿಂದಲೇ ಬಂದದ್ದೇ, ಅದನ್ನು ಅಟ್ರಿಬ್ಯೂಟಬಲ್ ಎನ್ನುತ್ತಾರೆ. ಅಥವಾ ಬೇರೆ ಕಾರಣದಿಂದ ಬಂದು ಸೇವೆಯಿಂದ ಹೆಚ್ಚಾದದ್ದೇ, ಅದು ಅಗ್ರವೇಟೆಡ್. ಎರಡೂ ಅಲ್ಲವೆಂದು ಬರೆದರೆ, ಇಂಗ್ಲಿಷಿನ ಮೊದಲಕ್ಷರಗಳನ್ನು ಸೇರಿಸಿ ನಮ್ಮಲ್ಲಿ 'ನಾನಾ' (NANA) ಎಂದು ಕರೆಯುವ ಆ ಷರಾ ಬಿದ್ದರೆ, ಶೇ. 80 ಇದ್ದರೂ ಅಂಗವೈಕಲ್ಯದ ಹಣ ಬರುವುದಿಲ್ಲ. ಜೊತೆಗೆ, ಸೇವೆಗೆ ಸಂಬಂಧಪಟ್ಟದ್ದೆಂದು ಒಪ್ಪಿದ ಭಾಗ ಮಾತ್ರವೇ ಕನಿಷ್ಠ ಶೇ. 20 ಆಗಬೇಕು. ನಿಮ್ಮ ತಂದೆಯವರ ವಿಷಯದಲ್ಲಿ ನನಗೆ ತೋರುವುದು ಹೀಗೆ: ಕಿವುಡು ಫಿರಂಗಿಯ ಸದ್ದಿನಿಂದ ಬಂದದ್ದೆಂದು ಬೋರ್ಡು ಒಪ್ಪಿರಬೇಕು, ಆದರೆ ಅದು ಶೇ. 15 ಮಾತ್ರ. ರಕ್ತದೊತ್ತಡಕ್ಕೆ ಶೇ. 30 ಕೊಟ್ಟು, ಅದು ಪೀಸ್ ಸ್ಟೇಷನ್ನಿನಲ್ಲಿ ಕಾಣಿಸಿಕೊಂಡದ್ದರಿಂದ ಸೇವೆಗೆ ಸಂಬಂಧವಿಲ್ಲವೆಂದು ಬರೆದಿರಬೇಕು. ಹೀಗಾದಾಗ ಒಟ್ಟು ಶೇ. 40 ಎಂಬುದು ಕಾಗದದ ಮೇಲೆ ಉಳಿಯುತ್ತದೆ, ಪಿಂಚಣಿಗೆ ಅರ್ಹವಾದ ಅಂಕಿ 15ಕ್ಕೆ ಇಳಿಯುತ್ತದೆ. 30ಕ್ಕೆ 15 ಸೇರಿದರೆ 45 ಆಗಬೇಕಿತ್ತಲ್ಲ ಎಂಬ ಸಂಶಯವೂ ಬೇಡ. ಎರಡು ಕಾಯಿಲೆಗಳ ಒಟ್ಟು ಪರಿಣಾಮವನ್ನು ಅಳೆಯುವುದೇ ಹೊರತು ಅಂಕಿಗಳನ್ನು ನೇರವಾಗಿ ಕೂಡುವ ಪದ್ಧತಿ ಇಲ್ಲ.

ಆದ್ದರಿಂದ ನಿಮ್ಮ ಮೊದಲ ಕೆಲಸ ಮೇಲ್ಮನವಿ ಬರೆಯುವುದಲ್ಲ, ನಿವೃತ್ತಿಯ ಸಮಯದಲ್ಲಿ ಪರೀಕ್ಷಿಸಿದ ರಿಲೀಸ್ ಮೆಡಿಕಲ್ ಬೋರ್ಡಿನ ಪೂರ್ಣ ನಡಾವಳಿಯ ಪ್ರತಿಯನ್ನು ತರಿಸಿಕೊಳ್ಳುವುದು. ತಂದೆಯವರ ಸಹಿಯೊಡನೆ ಅವರ ರೆಕಾರ್ಡ್ ಆಫೀಸಿಗೆ ಮಾಹಿತಿ ಹಕ್ಕು ಅರ್ಜಿ ಹಾಕಿ, 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ, ಮೂರನ್ನು ಕೇಳಿ: ಸೇವೆಗೆ ಸೇರುವಾಗಿನ ವೈದ್ಯಕೀಯ ಪರೀಕ್ಷೆಯ ದಾಖಲೆ, ರಿಲೀಸ್ ಮೆಡಿಕಲ್ ಬೋರ್ಡಿನ ನಡಾವಳಿ, ಎಲ್ಲಿಂದ ಎಲ್ಲಿಯವರೆಗೆ ಯಾವ ಸ್ಥಳದಲ್ಲಿ ಸೇವೆ ಸಲ್ಲಿಸಿದರೆಂಬ ವಿವರ. ಆರ್ಮಿ ನಂಬರನ್ನು ಒಂದಕ್ಷರವೂ ತಪ್ಪದಂತೆ ಬರೆಯಿರಿ. ಮೈಸೂರಿನ ಸೈನಿಕ ಕಲ್ಯಾಣ ಕಚೇರಿಗೆ ಡಿಸ್ಚಾರ್ಜ್ ಬುಕ್ ಮತ್ತು ಪಿಪಿಒ (ಪಿಂಚಣಿ ಪಾವತಿ ಆದೇಶ) ಎರಡನ್ನೂ ತೆಗೆದುಕೊಂಡು ಹೋದರೆ ಅರ್ಜಿ ಬರೆಯಲು ನೆರವು ಸಿಗುತ್ತದೆ. ಬಾಕಿ ಹಣದಲ್ಲಿ ಪಾಲು ಕೊಡಿ, ಎಲ್ಲವನ್ನೂ ನಾವೇ ಮಾಡಿಸಿಕೊಡುತ್ತೇವೆ ಎನ್ನುವವರಿಗೆ ಮೂಲ ದಾಖಲೆಗಳನ್ನು ಖಂಡಿತ ಕೊಡಬೇಡಿ.

ತಂದೆಯವರ ಸಂಕೋಚದ ಬಗ್ಗೆ ಒಂದು ಮಾತು. ಇದು ದಯೆಯ ಹಣವಲ್ಲ. ಸೇರುವಾಗ ಕಿವಿ, ಕಣ್ಣು, ರಕ್ತದೊತ್ತಡ ಎಲ್ಲವನ್ನೂ ಪರೀಕ್ಷಿಸಿ ಸರಿಯಿದೆಯೆಂದು ಬರೆದುಕೊಂಡ ಮೇಲೆ ತಾನೇ ಅವರನ್ನು ತೆಗೆದುಕೊಂಡದ್ದು? ಹಿಂದಿರುಗಿ ಬರುವಾಗ ಇಲ್ಲದಂತಾದದ್ದಕ್ಕೆ ಕೊಡುವ ಪರಿಹಾರ ಇದು. ಕಾಲು ಕಳೆದುಕೊಂಡವರ ಪಾಲನ್ನು ಅವರು ಕಸಿದುಕೊಳ್ಳುತ್ತಿಲ್ಲ. ಕದನದ ಗಾಯಕ್ಕೆ ಯುದ್ಧಗಾಯದ ಪಿಂಚಣಿಯೆಂದು ಬೇರೆಯೇ ಇದೆ, ಅದರ ದರವೂ ಇದರ ಎರಡರಷ್ಟು.

ಕೆ.ಆರ್. ಪೇಟೆ ಹುಡುಗ:

ಅಕ್ಕ, ಇಷ್ಟು ಕಷ್ಟಪಡುವ ಅಗತ್ಯವಿಲ್ಲವೆಂದು ನನಗೆ ಅನ್ನಿಸುತ್ತದೆ. ಶೇ. 50ಕ್ಕಿಂತ ಕಡಿಮೆ ಇರುವುದನ್ನೆಲ್ಲ 50 ಎಂದು ಎಣಿಸಬೇಕೆಂಬ ಆದೇಶವಿದೆ. ನಮ್ಮ ಮಾವನವರಿಗೆ ಶೇ. 30 ಇದ್ದದ್ದು 50 ಆಯಿತು. ಹಾಗಿರುವಾಗ ಕಿವುಡಿನ ಶೇ. 15 ಕೂಡ 50 ಆಗಬೇಕಲ್ಲವೇ? ಅದನ್ನೇ ಕೇಳಿ.

ವಕೀಲೆ, ಸರಸ್ವತಿಪುರಂ:

ಮೇಲಿನ ಸಲಹೆ ಒಳ್ಳೆಯ ಮನಸ್ಸಿನಿಂದ ಬಂದಿದೆ, ಆದರೆ ಅದನ್ನು ನಂಬಿ ಅರ್ಜಿ ಹಾಕಿದರೆ ಪ್ರಕರಣ ಅಲ್ಲಿಯೇ ಬಿದ್ದುಹೋಗುತ್ತದೆ. ರಕ್ಷಣಾ ಸಚಿವಾಲಯದ 2001ರ ಜನವರಿ 31ರ ಪತ್ರದಂತೆ ಶೇ. 50ಕ್ಕಿಂತ ಕಡಿಮೆ ಇರುವುದನ್ನು 50 ಎಂದೂ, 50ರಿಂದ 75ರವರೆಗಿನದನ್ನು 75 ಎಂದೂ, 76ರಿಂದ 100ರವರೆಗಿನದನ್ನು 100 ಎಂದೂ ಎಣಿಸುವುದು ನಿಜ. ಮೊದಲು ಇದನ್ನು ಕಾಯಿಲೆಯ ಕಾರಣದಿಂದ ಅವಧಿಗೆ ಮುನ್ನವೇ ಸೇವೆಯಿಂದ ಬಿಡುಗಡೆಯಾದವರಿಗೆ ಮಾತ್ರ ಕೊಡುತ್ತಿದ್ದರು. ಅವಧಿ ಮುಗಿಸಿ ನಿವೃತ್ತರಾದವರಿಗೂ ಇದು ಸಲ್ಲಬೇಕೆಂಬ ನಿಲುವನ್ನು 2014ರ ಡಿಸೆಂಬರ್ 10ರಂದು ರಾಮ್ ಅವತಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಆದರೆ ಅವಧಿ ಮುಗಿಸಿ ನಿವೃತ್ತರಾದವರ ಅಂಗವೈಕಲ್ಯ ಶೇ. 20ಕ್ಕಿಂತ ಕಡಿಮೆಯಿದ್ದರೆ ಅವರಿಗೆ ಅಂಗವೈಕಲ್ಯದ ಅಂಶವೇ, ಅಂದರೆ ಸೇವಾ ಪಿಂಚಣಿಯ ಜೊತೆಗೆ ಸೇರುವ ಅಂಗವೈಕಲ್ಯದ ಹಣವೇ, ಸಲ್ಲುವುದಿಲ್ಲ, ಸಲ್ಲದಿರುವುದನ್ನು 50ಕ್ಕೆ ಏರಿಸುವ ಪ್ರಶ್ನೆಯೂ ಇಲ್ಲ ಎಂದು ಅದೇ ನ್ಯಾಯಾಲಯ 2019ರ ಡಿಸೆಂಬರ್‌ನಲ್ಲಿ ಎಸ್.ಪಿ. ರಾಥೋರ್ ಪ್ರಕರಣದಲ್ಲಿ ಹೇಳಿದೆ. ಹಾಗಾಗಿ ಶೇ. 15ರ ಕಿವುಡನ್ನು ಮಾತ್ರ ಹಿಡಿದುಕೊಂಡು ಹೋಗುವಂತಿಲ್ಲ. ರಕ್ತದೊತ್ತಡದ ಮೇಲಿನ 'ನಾನಾ' ಷರಾವನ್ನೇ ಪ್ರಶ್ನಿಸಬೇಕು. ಅದು ಬಿದ್ದರೆ ಶೇ. 40 ಪೂರ್ತಿಯಾಗಿ ಅರ್ಹವಾಗುತ್ತದೆ, ನಂತರ 50 ಆಗುತ್ತದೆ.

ಅದನ್ನು ಪ್ರಶ್ನಿಸಲು ಆಧಾರ ಗಟ್ಟಿಯಾಗಿಯೇ ಇದೆ. ನಿಮ್ಮ ತಂದೆಯವರು 2005ರಲ್ಲಿ ನಿವೃತ್ತರಾದ್ದರಿಂದ 1982ರ ಅರ್ಹತಾ ನಿಯಮಗಳು ಅನ್ವಯಿಸುತ್ತವೆ. 2023ರ ಸೆಪ್ಟೆಂಬರ್ 21ರಿಂದ ಬಂದಿರುವ ಹೊಸ ನಿಯಮಗಳ ಬಗ್ಗೆ ಯಾರಾದರೂ ಹೆದರಿಸಿದರೆ ಕಿವಿಗೊಡಬೇಡಿ, ಅವು ಆ ದಿನದಿಂದ ಈಚೆಗೆ ಸೇವೆ ಬಿಟ್ಟವರಿಗೆ. 1982ರ ನಿಯಮಗಳಲ್ಲಿ ಅರ್ಹತೆಯನ್ನು ಸಾಬೀತುಪಡಿಸುವ ಹೊರೆಯನ್ನು ಸೈನಿಕನ ಮೇಲೆ ಹಾಕಬಾರದು, ನ್ಯಾಯವಾದ ಸಂಶಯವಿದ್ದರೆ ಅದರ ಲಾಭ ಅವನಿಗೇ ಸಲ್ಲಬೇಕು, ಗಡಿ, ಕದನದ ಪ್ರದೇಶಗಳಲ್ಲಿ ಫೀಲ್ಡ್ ಸೇವೆ ಮಾಡಿದವರ ವಿಷಯದಲ್ಲಿ ಇನ್ನಷ್ಟು ಉದಾರವಾಗಿರಬೇಕು ಎಂದಿದೆ. ಧರಮ್‌ವೀರ್ ಸಿಂಗ್ ಎಂಬ ಸೈನಿಕರು 1985ರಲ್ಲಿ ಸೇನೆಯ ಸಂಪರ್ಕ ವಿಭಾಗವಾದ ಸಿಗ್ನಲ್ಸ್‌ಗೆ ಸೇರಿ, ಸುಮಾರು 9 ವರ್ಷಗಳ ನಂತರ ಮೂರ್ಛೆರೋಗದ ಕಾರಣದಿಂದ ಸೇವೆ ಬಿಡಬೇಕಾಯಿತು. ಅವರ ಶೇ. 20ರ ಅಂಗವೈಕಲ್ಯಕ್ಕೂ ಇದೇ ಷರಾ ಬಿದ್ದಿತ್ತು. 2013ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ಸೇರುವಾಗಿನ ದಾಖಲೆಯಲ್ಲಿ ಆ ಕಾಯಿಲೆಯ ಉಲ್ಲೇಖವಿಲ್ಲದಿದ್ದರೆ ಅದು ಸೇವೆಯಿಂದಲೇ ಬಂದದ್ದೆಂದು ಭಾವಿಸಬೇಕು, ಅಲ್ಲವೆನ್ನುವುದಾದರೆ ಮೆಡಿಕಲ್ ಬೋರ್ಡು ಕಾರಣಗಳನ್ನು ಬರೆಯಬೇಕು ಎಂದು ತೀರ್ಮಾನಿಸಿತು. ಸುಬೇದಾರ್ ಸಾಹೇಬರು ಸೇರುವಾಗಿನ ದಾಖಲೆಯನ್ನು ತರಿಸಿಕೊಳ್ಳಿ ಎಂದದ್ದು ಇದೇ ಕಾರಣಕ್ಕೆ.

ಆದರೂ ಗೆಲುವು ಖಚಿತವೆಂದು ನಾನು ಹೇಳುವುದಿಲ್ಲ. ಸೇರುವಾಗಿನ ಪರೀಕ್ಷೆಯಲ್ಲಿ ಪತ್ತೆಹಚ್ಚಲಾಗದ ಕಾಯಿಲೆಗೆ ಸೇವೆಯಿಂದಲೇ ಬಂದದ್ದೆಂದು ಭಾವಿಸುವ ಈ ತತ್ವವನ್ನು ಯಾಂತ್ರಿಕವಾಗಿ ಅನ್ವಯಿಸಲಾಗದು ಎಂದು 2019ರಲ್ಲಿ ನರಸಿಂಗ್ ಯಾದವ್ ಎಂಬವರ ಮಾನಸಿಕ ಕಾಯಿಲೆಯ ಪ್ರಕರಣದಲ್ಲಿ ಇದೇ ನ್ಯಾಯಾಲಯ ಹೇಳಿದೆ. ಎದುರು ಪಕ್ಷದವರು ಅದನ್ನು ಓದಿಯೇ ಓದುತ್ತಾರೆ. ರಕ್ತದೊತ್ತಡ ಹಾಗಲ್ಲ, ಅದನ್ನು ಸೇರುವಾಗಲೇ ಅಳೆಯುತ್ತಾರೆ. 20 ವರ್ಷ ಸೇವೆ ಮಾಡಿದ ಮೇಲೆ, ಅದರಲ್ಲಿಯೂ ಯುದ್ಧ ಕಂಡ ಎರಡೇ ವರ್ಷಕ್ಕೆ ಬಂದಿದೆ. ಕಾಣಿಸಿಕೊಂಡ ಊರು ಶಾಂತವಾಗಿತ್ತೆಂಬುದೊಂದೇ ಕಾರಣವಾಗಿದ್ದರೆ ಅದನ್ನು ಎದುರಿಸಿ ವಾದಿಸಲು ನಿಮ್ಮ ತಂದೆಯವರ ಪೋಸ್ಟಿಂಗ್ ವಿವರವೇ ಸಾಕ್ಷಿಯಾಗುತ್ತದೆ.

ಇನ್ನು ಕಾಲಮಿತಿ. ಮೇಲ್ಮನವಿಗೆ ಆರು ತಿಂಗಳೆಂದು ಇದ್ದರೂ ತಡವಾದದ್ದಕ್ಕೆ ಕಾರಣ ಬರೆದು ಮೊದಲ ಮೇಲ್ಮನವಿಯನ್ನು ಈಗ ಸಲ್ಲಿಸಿ. ತಿರಸ್ಕರಿಸಿದರೆ ಎರಡನೆಯ ಮೇಲ್ಮನವಿ ಸಮಿತಿಯಿದೆ. ಆರು ತಿಂಗಳಾದರೂ ಉತ್ತರವೇ ಬಾರದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗಬಹುದು. 2007ರ ಕಾಯ್ದೆಯಂತೆ ರಚನೆಯಾದ ಈ ಮಂಡಳಿಯಲ್ಲಿ ಕರ್ನಾಟಕದವರು ಕೊಚ್ಚಿ ಪೀಠದ ವ್ಯಾಪ್ತಿಗೆ ಬರುತ್ತಾರೆ. ಪಿಂಚಣಿ ತಿಂಗಳು ತಿಂಗಳು ತಪ್ಪುತ್ತಿರುವ ಹಕ್ಕಾದ್ದರಿಂದ ತಡವಾಯಿತೆಂಬ ಒಂದೇ ಕಾರಣಕ್ಕೆ ಬಾಗಿಲು ಮುಚ್ಚುವುದಿಲ್ಲ. 1983ರಲ್ಲಿ ಸೇವೆ ಬಿಟ್ಟು 1999ರಲ್ಲಿ ನ್ಯಾಯಾಲಯಕ್ಕೆ ಬಂದ ತರ್ಸೇಮ್ ಸಿಂಗ್ ಎಂಬವರ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್ ಪಿಂಚಣಿಯ ಹಕ್ಕನ್ನು ಉಳಿಸಿ, ಬಾಕಿಯನ್ನು ಮಾತ್ರ ಅರ್ಜಿ ಹಾಕಿದ ದಿನಕ್ಕಿಂತ ಹಿಂದಿನ ಮೂರು ವರ್ಷಗಳಿಗೆ ಸೀಮಿತಗೊಳಿಸಿತು. ಇಪ್ಪತ್ತು ವರ್ಷಗಳ ಬಾಕಿಯೆಲ್ಲ ಒಟ್ಟಿಗೆ ಬಂದುಬಿಡುತ್ತದೆಂಬ ಆಸೆಯನ್ನು ತಂದೆಯವರ ಮನಸ್ಸಿನಲ್ಲಿ ಹುಟ್ಟಿಸದಿರುವುದು ಒಳ್ಳೆಯದು.

ಹಣದ ಅಂದಾಜಿಗೆ ಒಂದು ಲೆಕ್ಕ ಕೊಡುತ್ತೇನೆ. ಶೇ. 100 ಅಂಗವೈಕಲ್ಯಕ್ಕೆ ವೇತನದ ಶೇ. 30 ಎಂಬುದು ಸೂತ್ರ. ಲೆಕ್ಕಕ್ಕೆ ಹಿಡಿಯುವ ವೇತನ 40,000 ರೂಪಾಯಿಯೆಂದು ಇಟ್ಟುಕೊಂಡರೆ ಶೇ. 100ಕ್ಕೆ 12,000, ಶೇ. 40ಕ್ಕೆ 4,800, ಅದು 50 ಎಂದಾದಾಗ 6,000. ಇದು ಈಗ ಬರುತ್ತಿರುವ ಸೇವಾ ಪಿಂಚಣಿಯ ಜೊತೆಗೆ ಸೇರುವ ಮೊತ್ತ, ಇದರ ಮೇಲೆ ತುಟ್ಟಿಭತ್ಯೆಯೂ ಇರುತ್ತದೆ.

ಪಾಂಡವಪುರದಿಂದ:

ನಮ್ಮ ಯಜಮಾನರಿಗೂ ಹೀಗೆಯೇ ಆಗಿತ್ತು. ನೋಡೋಣ, ಮಾಡೋಣ ಎನ್ನುತ್ತಲೇ ಹಲವು ವರ್ಷ ಕಳೆದೆವು. ಕಾಗದ ತೆಗೆದುಕೊಂಡು ಒಂದು ಕಚೇರಿಗೆ ಹೋದಾಗ ಅಲ್ಲಿದ್ದವರು ಪತ್ರವನ್ನು ತೆರೆದು ಓದದೆಯೇ, ಇಷ್ಟು ಹಳೆಯದು ಆಗುವುದಿಲ್ಲ ಎಂದು ಕಳುಹಿಸಿಬಿಟ್ಟರು. ನಾವೂ ಅದನ್ನೇ ನಂಬಿದೆವು. ಕೊನೆಗೆ ಅರ್ಜಿ ಸಿದ್ಧವಾಗುವ ಹೊತ್ತಿಗೆ ಅವರು ತೀರಿಕೊಂಡರು. ಅಂಗವೈಕಲ್ಯದ ಅಂಶ ಅವರ ಜೀವಿತಾವಧಿಗೆ ಮಾತ್ರ. ನನ್ನ ಕುಟುಂಬ ಪಿಂಚಣಿಗೆ ಅದು ಸೇರುವುದಿಲ್ಲವೆಂದು ಆಮೇಲೆ ತಿಳಿಯಿತು. ಅವರು ಇದ್ದಾಗಲೇ ಹಾಕಿದ್ದರೆ ಅವರ ಕೈಗೆ ಬಂದು, ಅವರ ಔಷಧಿಗೆ ಆಗುತ್ತಿತ್ತಲ್ಲ ಎಂಬ ನೋವು ನನಗೆ ಇಂದಿಗೂ ಇದೆ. ಮಗಳೇ, ಈ ವಾರವೇ ಅರ್ಜಿ ಹಾಕಿಸು.

ಮದ್ದೂರಿನ ಮಗಳು:

ಎಲ್ಲರಿಗೂ ಕೃತಜ್ಞತೆಗಳು. ಪಾಂಡವಪುರದ ಅಮ್ಮನವರ ಮಾತನ್ನು ಅಪ್ಪನಿಗೆ ಎರಡು ಬಾರಿ ಗಟ್ಟಿಯಾಗಿ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಪೆನ್ನು ಕೇಳಿದರು. ಮಾಹಿತಿ ಹಕ್ಕು ಅರ್ಜಿಯನ್ನು ನಿನ್ನೆ ಮದ್ದೂರು ಅಂಚೆ ಕಚೇರಿಯಿಂದ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿದ್ದೇನೆ. ಟ್ರಂಕಿನಲ್ಲಿ ಹುಡುಕಿದಾಗ ಮೆಡಿಕಲ್ ಬೋರ್ಡಿನ ಕಾಗದದ ಎರಡು ಪುಟಗಳೂ ಸಿಕ್ಕಿದವು. ಸುಬೇದಾರ್ ಸಾಹೇಬರು ಊಹಿಸಿದಂತೆಯೇ ಇದೆ: ಕಿವಿಗೆ ಅಟ್ರಿಬ್ಯೂಟಬಲ್, ರಕ್ತದೊತ್ತಡಕ್ಕೆ ಎರಡೂ ಅಲ್ಲ, ಕಾರಣದ ಜಾಗದಲ್ಲಿ ಪೀಸ್ ಸ್ಟೇಷನ್ನಿನಲ್ಲಿ ಆರಂಭವಾಯಿತೆಂಬ ಒಂದೇ ಸಾಲು. ಒಂದು ಸಂಶಯ ಉಳಿದಿದೆ. ಕಿವಿ ಈಗ ಆಗಿನದಕ್ಕಿಂತ ಬಹಳ ಮಂದವಾಗಿದೆ. ಈಗಿನ ಸ್ಥಿತಿಯಂತೆ ಶೇಕಡಾವಾರನ್ನು ಮರುನಿರ್ಧರಿಸಲು ಕೇಳಬಹುದೇ?

ನಿವೃತ್ತ ಸುಬೇದಾರ್, ಹೂಟಗಳ್ಳಿ:

ಆ ಒಂದೇ ಸಾಲಿನ ಕಾರಣವನ್ನು ಜೋಪಾನವಾಗಿ ಇಟ್ಟುಕೊಳ್ಳಿ, ವಕೀಲರಿಗೆ ಮೊದಲು ತೋರಿಸಬೇಕಾದದ್ದು ಅದನ್ನೇ. ಮರುನಿರ್ಧಾರವನ್ನು ಕೇಳಬಹುದು, ಬೋರ್ಡು ಆಜೀವ ಎಂದು ಬರೆದದ್ದನ್ನು ಸೈನಿಕನೇ ಮುಂದೆ ಬಂದು ಕೇಳಿದಾಗ ಪುನಃ ಪರಿಶೀಲಿಸಲು ಅವಕಾಶವಿದೆ. ಕಿವುಡನ್ನು ಅವರು ಈಗಾಗಲೇ ಸೇವೆಯಿಂದ ಬಂದದ್ದೆಂದು ಒಪ್ಪಿರುವುದರಿಂದ, ಅದೊಂದೇ ಶೇ. 20 ದಾಟಿದರೂ ನಿಮಗೆ ಎರಡನೆಯ ದಾರಿ ಸಿಕ್ಕಂತಾಗುತ್ತದೆ. ಆದರೆ ವಯಸ್ಸಿನಿಂದಲೂ ಕಿವಿ ಮಂದವಾಗುತ್ತದೆಂದು ಅವರು ಹೇಳುವುದು ನಿಶ್ಚಿತ. ಆದ್ದರಿಂದ ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್‌ನ ಮೈಸೂರಿನ ಪಾಲಿಕ್ಲಿನಿಕ್ಕಿಗೆ ತಂದೆಯವರನ್ನು ಕರೆದುಕೊಂಡು ಹೋಗಿ, ಕಿವಿ ತಜ್ಞರಿಗೆ ರೆಫರ್ ಮಾಡಿಸಿ, ಎಷ್ಟು ಕೇಳಿಸುತ್ತದೆಂದು ಅಳೆದು ದಾಖಲಿಸುವ ಆಡಿಯೋಗ್ರಾಮ್ ತೆಗೆಸಿ. ಸೇವೆಯಲ್ಲಿದ್ದಾಗ ತೆಗೆದ ಹಳೆಯ ಆಡಿಯೋಗ್ರಾಮ್ ಏನಾದರೂ ಟ್ರಂಕಿನಲ್ಲಿ ಉಳಿದಿದೆಯೇ ಎಂದು ಮತ್ತೊಮ್ಮೆ ನೋಡಿ. ಭಾನುವಾರ ನಾನು ಮದ್ದೂರಿನ ಕಡೆಗೆ ಬರುವವನಿದ್ದೇನೆ. ತಂದೆಯವರು ಒಪ್ಪಿದರೆ ಮನೆಗೇ ಬಂದು ಕಾಗದಗಳನ್ನು ಒಟ್ಟಿಗೆ ಕುಳಿತು ನೋಡೋಣ.