ಎಸಿಗೆ ಪ್ರತಿ ಬೇಸಿಗೆ ಗ್ಯಾಸ್ ತುಂಬಿಸಲೇಬೇಕಾ?

ಬಿಸಿಲೂರಿನವ, ಕಲಬುರಗಿ:
ನಮ್ಮ ಮಹಡಿ ಮೇಲಿನ ರೂಮಿನಲ್ಲಿ ಒಂದೂವರೆ ಟನ್ ಸ್ಪ್ಲಿಟ್ ಎಸಿ ಇದೆ. ಹೋದ ಬೇಸಿಗೆಯಲ್ಲಿ ಸರ್ವಿಸ್‌ಗೆ ಬಂದವರು ಗ್ಯಾಸ್ ಕಡಿಮೆ ಆಗಿದೆ ಅಂತ ತುಂಬಿಸಿ ದುಡ್ಡು ತಗೊಂಡು ಹೋದರು. ಈ ಸಲ ಮತ್ತೆ ಅದೇ ಕಥೆ. ರೂಮು ತಣ್ಣಗಾಗುತ್ತಿಲ್ಲ, ಒಳಗಿನ ಯೂನಿಟ್‌ನಿಂದ ಗೋಡೆ ಮೇಲೆ ನೀರು ಬೇರೆ ಇಳಿಯುತ್ತಿದೆ. ಫೋನ್ ಮಾಡಿದರೆ, ಬಂದು ನೋಡುವ ಮೊದಲೇ ‘ಗ್ಯಾಸ್ ಹೋಗಿರುತ್ತೆ ಸರ್’ ಅಂತಾರೆ. ನಿಜವಾಗಲೂ ವರ್ಷ ವರ್ಷ ತುಂಬಿಸಬೇಕಾ? ಮನೆಯಲ್ಲೇ ಏನೇನು ಮಾಡಿಕೊಳ್ಳಬಹುದು? ಅಪ್ಪ ಅಮ್ಮನ ಕೋಣೆಯಲ್ಲಿ ಕೂಲರ್ ಇದೆ, ಅದರ ಗಾಳಿ ಒಂಥರಾ ವಾಸನೆ ಹೊಡೆಯುತ್ತಿದೆ, ಅದಕ್ಕೂ ಏನಾದರೂ ಹೇಳಿ.

ಪಾನಾ ಸ್ಪ್ಯಾನರ್, ಹುಬ್ಬಳ್ಳಿ:
ಎಸಿ ರಿಪೇರಿಯೇ ನನ್ನ ಕಸುಬು, ಅದಕ್ಕೇ ನೇರವಾಗಿ ಹೇಳುತ್ತೇನೆ. ಗ್ಯಾಸ್ ಪೆಟ್ರೋಲ್ ಥರ ಖರ್ಚಾಗುವ ವಸ್ತುವಲ್ಲ. ಮುಚ್ಚಿದ ಪೈಪಿನೊಳಗೆ ಸುತ್ತುತ್ತಲೇ ಇರುತ್ತದೆ. ಕಡಿಮೆ ಆಗಿದೆ ಅಂದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ. ಸೋರುವ ಜಾಗ ಮುಚ್ಚದೆ ಸುಮ್ನೆ ತುಂಬಿಸಿ ಹೋಗುವುದು ಗಿರಾಕಿಗೆ ಮಾಡುವ ಅನ್ಯಾಯ.

ಆದರೆ ನಿಮ್ಮದು ಗ್ಯಾಸ್ ತೊಂದರೆಯೇ ಅಂತ ಈಗಲೇ ಹೇಳಲು ಬರುವುದಿಲ್ಲ. ಮೊದಲು ಎಸಿಗೆ ಕರೆಂಟ್ ಕೊಡುವ ಎಂಸಿಬಿ ಸ್ವಿಚ್ ಆಫ್ ಮಾಡಿ, ಮುಂದಿನ ಮುಚ್ಚಳ ಎತ್ತಿ ಫಿಲ್ಟರ್ ತೆಗೆಯಿರಿ. ನಿಮ್ಮ ಕಡೆಯ ಧೂಳಿಗೆ ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ತೊಳೆಯಲೇಬೇಕು. ನಲ್ಲಿ ನೀರು ಸಾಕು, ಪೂರ್ತಿ ಒಣಗಿಸಿ ಹಾಕಿ. ಗೋಡೆ ಮೇಲೆ ನೀರು ಇಳಿಯುತ್ತಿದ್ದರೆ ಸಾಮಾನ್ಯವಾಗಿ ಡ್ರೈನ್ ಪೈಪಿನಲ್ಲಿ ಲೋಳೆ ಕಟ್ಟಿಕೊಂಡಿರುತ್ತದೆ. ಆ ಪೈಪಿನ ಹೊರತುದಿ ಬಕೆಟ್ ನೀರಿನಲ್ಲಿ ಮುಳುಗಿದೆಯಾ ನೋಡಿ, ಮುಳುಗಿದ್ದರೆ ಒಳಗಿನ ನೀರು ಸರಿಯಾಗಿ ಹೊರಗೆ ಬರುವುದಿಲ್ಲ. ಆಮೇಲೆ ಹೊರಗಿನ ಯೂನಿಟ್‌ನ ಹಿಂಭಾಗ. ಅಲ್ಲಿನ ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ಧೂಳು ಕೂತರೆ ಬಿಸಿ ಹೊರಗೆ ಹೋಗುವುದಿಲ್ಲ, ನಲವತ್ತು ಡಿಗ್ರಿ ದಾಟಿದ ಮಧ್ಯಾಹ್ನ ಕಂಪ್ರೆಸರ್ ಒದ್ದಾಡಿ ಟ್ರಿಪ್ ಆಗುತ್ತದೆ. ಮೆತ್ತನೆ ಬ್ರಷ್‌ನಿಂದ ಮೇಲಿಂದ ಕೆಳಗೆ ಉಜ್ಜಿ. ಜೆಟ್ ಪಂಪ್ ಜೋರಾಗಿ ಬಿಟ್ಟರೆ ರೆಕ್ಕೆ ಮಡಚಿಕೊಳ್ಳುತ್ತವೆ, ಬೇಡ.

ಬಿಸಿಲೂರಿನವ:
ಥ್ಯಾಂಕ್ಸ್ ಅಣ್ಣಾ. ಫಿಲ್ಟರ್ ತೊಳೆದು, ಡ್ರೈನ್ ಪೈಪಿಗೆ ಜೋರಾಗಿ ಊದಿದ ಮೇಲೆ ಕಪ್ಪು ಲೋಳೆ ಬಂತು, ಗೋಡೆಗೆ ಇಳಿಯುತ್ತಿದ್ದ ನೀರು ನಿಂತಿದೆ. ಆದರೆ ಕೂಲಿಂಗ್ ಇನ್ನೂ ಸಾಲದು. ಹೊರಗಿನ ಯೂನಿಟ್ ಹತ್ತಿರ ತೆಳುವಾದ ಪೈಪಿನ ಮೇಲೆ ಮಂಜು ಹಿಡಿದ ಹಾಗೆ ಬೆಳ್ಳಗೆ ಕಾಣುತ್ತಿದೆ.

ಪಾನಾ ಸ್ಪ್ಯಾನರ್:
ಫಿಲ್ಟರ್ ಚೊಕ್ಕ ಆದಮೇಲೂ ತೆಳು ಪೈಪಿಗೆ ಮಂಜು ಕಟ್ಟುತ್ತಿದೆ ಅಂದರೆ ಗ್ಯಾಸ್ ಕಡಿಮೆ ಇರುವ ಸಾಧ್ಯತೆ ಜಾಸ್ತಿ. ಪೈಪ್ ಜೋಡಿಸಿರುವ ಹಿತ್ತಾಳೆ ನಟ್ ಸುತ್ತ ನೋಡಿ, ಧೂಳು ಎಣ್ಣೆ ಕುಡಿದು ಜಿಡ್ಡಾಗಿ ಅಂಟಿಕೊಂಡಿದ್ದರೆ ಅಲ್ಲೇ ಸೋರುತ್ತಿರಬಹುದು, ಯಾಕೆಂದರೆ ಗ್ಯಾಸ್ ಜೊತೆ ಕಂಪ್ರೆಸರ್ ಎಣ್ಣೆಯೂ ಸ್ವಲ್ಪ ಹೊರಗೆ ಬರುತ್ತದೆ. ಸೋಪಿನ ನೊರೆ ಹಚ್ಚಿದರೆ ಗುಳ್ಳೆ ಏಳುತ್ತದೆ. ನಟ್ ಮಾತ್ರ ನೀವೇ ಬಿಗಿ ಮಾಡಲು ಹೋಗಬೇಡಿ.

ಬಂದವರಿಗೆ ಹೀಗೆ ಹೇಳಿ: ಮೊದಲು ನೈಟ್ರೋಜನ್ ತುಂಬಿ ಪ್ರೆಷರ್ ನಿಲ್ಲುತ್ತಾ ನೋಡಿ, ಸೋರಿಕೆ ಸರಿಮಾಡಿ, ವ್ಯಾಕ್ಯೂಮ್ ಎಳೆಯಿರಿ (ಅಂದರೆ ಪಂಪ್ ಹಾಕಿ ಪೈಪಿನೊಳಗಿನ ಗಾಳಿ, ತೇವ ಹೊರತೆಗೆಯಿರಿ), ಆಮೇಲೆ ತೂಕ ಮಾಡಿ ಗ್ಯಾಸ್ ಹಾಕಿ. ಯಾವ ಗ್ಯಾಸ್, ಎಷ್ಟು ಅಂತ ಹೊರಗಿನ ಯೂನಿಟ್‌ನ ಲೇಬಲ್ ಮೇಲೆಯೇ ಬರೆದಿರುತ್ತದೆ. ಈಗಿನ ಬಹಳಷ್ಟು ಎಸಿಗಳಲ್ಲಿ ಇರುವುದು ಆರ್-32, ಅದಕ್ಕೆ ಬೆಂಕಿ ಹತ್ತಬಹುದು, ಪಕ್ಕದಲ್ಲಿ ಬೀಡಿ ಸಿಗರೇಟು ಕೂಡದು. ಪ್ರೆಷರ್ ಪರೀಕ್ಷೆಗೆ ಯಾರಾದರೂ ಆಕ್ಸಿಜನ್ ಸಿಲಿಂಡರ್ ತಂದರೆ ವಾಪಸ್ ಕಳಿಸಿ. ಎಣ್ಣೆ ಜೊತೆ ಅದು ಸೇರಿದರೆ ಕಂಪ್ರೆಸರ್ರೇ ಸಿಡಿಯಬಹುದು, ಜೀವದ ಪ್ರಶ್ನೆ.

ಕಡಲತಡಿ, ಮಂಗಳೂರು:
ನಮ್ಮಲ್ಲಿ ಧೂಳಿಗಿಂತ ಉಪ್ಪುಗಾಳಿಯ ಕಾಟ. ಸಮುದ್ರದ ಹತ್ತಿರದ ಮನೆಗಳಲ್ಲಿ ಹೊರಗಿನ ಕಾಯಿಲ್ ತುಕ್ಕು ತಿಂದು ತೂತು ಬೀಳುವುದುಂಟು. ಮಳೆ ಬೀಳದ ತಿಂಗಳುಗಳಲ್ಲಿ ಆಗಾಗ ಸಿಹಿನೀರು ಹಾಕಿ ತೊಳೆಯುತ್ತೇವೆ. ಕೂಲರ್ ಬಗ್ಗೆ ನಾನು ಹೇಳುವುದೇನಿಲ್ಲ, ಈ ಸೆಕೆಗೆ ಇಲ್ಲಿ ಅದು ಉಪಯೋಗಕ್ಕೆ ಬರುವುದಿಲ್ಲ.

ಗಣಿನಾಡು, ಬಳ್ಳಾರಿ:
ಕೂಲರ್ ಬಗ್ಗೆ ನಾನು ಹೇಳುತ್ತೇನೆ, ನಮ್ಮ ಮನೆಯಲ್ಲಿ ಬೇಸಿಗೆ ಪೂರ್ತಿ ಅದೇ ಆಧಾರ. ವಾಸನೆ ಬರುವುದು ನಿಂತ ನೀರಿನಿಂದ, ಪಾಚಿ ಹಿಡಿದ ಪ್ಯಾಡ್‌ನಿಂದ. ವಾರಕ್ಕೊಮ್ಮೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಒಳಗೋಡೆ ಉಜ್ಜಿ, ಒಣಗಿಸಿ ತುಂಬಿಸಿ. ಡೆಂಗ್ಯೂ ಸೊಳ್ಳೆ ಮೊಟ್ಟೆ ಇಡುವುದು ಇಂಥ ನೀರಿನಂಚಿನಲ್ಲೇ, ಬರೀ ನೀರು ಚೆಲ್ಲಿದರೆ ಮೊಟ್ಟೆ ಅಂಟಿಕೊಂಡೇ ಇರುತ್ತವೆ. ಬೋರ್ ನೀರು ಗಡಸಾಗಿದ್ದರೆ ಪ್ಯಾಡ್ ಮೇಲೆ ಬಿಳಿ ಪದರ ಕಟ್ಟಿ ಗಾಳಿಯೇ ಬರುವುದಿಲ್ಲ. ಹುಲ್ಲಿನ ಪ್ಯಾಡ್ ಆದರೆ ಪ್ರತಿ ಬೇಸಿಗೆ ಬದಲಾಯಿಸಿ. ಜೇನುಗೂಡಿನ ಥರದ್ದಾದರೆ ವಿನೆಗರ್ ಬೆರೆಸಿದ ನೀರಿನಲ್ಲಿ ನೆನೆಸಿ ತೊಳೆದರೆ ಪದರ ಬಹಳಷ್ಟು ಬಿಡುತ್ತದೆ.

ರಾತ್ರಿ ಕಿಟಕಿ ಸ್ವಲ್ಪ ತೆರೆದಿಡಲು ಅಪ್ಪ ಅಮ್ಮನಿಗೆ ಹೇಳಿ, ಮುಚ್ಚಿದ ಕೋಣೆಯಲ್ಲಿ ತೇವ ತುಂಬಿ ಮೈ ಅಂಟಂಟು ಅನ್ನುತ್ತದೆ. ಇನ್ನೊಂದು ಮಾತು, ಇದನ್ನು ಇವತ್ತೇ ಮಾಡಿ: ಕೂಲರ್ ತಗಡಿನದ್ದಾದರೆ ಮೂರು ಪಿನ್ ಪ್ಲಗ್ ಇದೆಯಾ, ಗೋಡೆಯ ಸಾಕೆಟ್‌ಗೆ ನಿಜವಾಗಿ ಅರ್ತಿಂಗ್ ಬಂದಿದೆಯಾ ಅಂತ ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ. ಒದ್ದೆ ಕೈಯಲ್ಲಿ ತಗಡು ಮುಟ್ಟಿ ಶಾಕ್ ಹೊಡೆಸಿಕೊಂಡವರು ಪ್ರತಿ ಬೇಸಿಗೆ ಇದ್ದೇ ಇರುತ್ತಾರೆ. ನೀರು ತುಂಬುವಾಗ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಿ.